ಅಟ್ಟದ ಟ್ರಂಕಿನಲ್ಲಿ ಸಿಕ್ಕ ಹಳೆಯ ಕಾಮಿಕ್ಸ್: ಈಗ ಬೆಲೆ ಬರುವುದು ಯಾವುದಕ್ಕೆ?

ಪ್ರಶ್ನೆ: ಕ್ಯಾತ್ಸಂದ್ರದ ಓದುಗ (ತುಮಕೂರು)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ವರ್ಷದ ತಿಥಿ ಮುಗಿದ ಮೇಲೆ ಮನೆಗೆ ಸುಣ್ಣಬಣ್ಣ ಮಾಡಿಸಲೆಂದು ಅಟ್ಟವನ್ನು ಖಾಲಿ ಮಾಡುವಾಗ ಅವರ ಕಬ್ಬಿಣದ ಟ್ರಂಕೊಂದು ಸಿಕ್ಕಿತು. ಅದರಲ್ಲಿ ಕನ್ನಡದ ಇಂದ್ರಜಾಲ ಕಾಮಿಕ್ಸ್ ಬಿಡಿಯಾಗಿ ಸುಮಾರು ಅರವತ್ತು ಇವೆ. ಅವರೇ ಬೈಂಡ್ ಮಾಡಿಸಿದ ಮೂರು ದಪ್ಪ ಸಂಪುಟಗಳಿವೆ. ಅಮರ ಚಿತ್ರಕಥೆಯ ನಲವತ್ತು ಪುಸ್ತಕಗಳು, ಚಂದಮಾಮದ ಕೆಲವು ಸಂಚಿಕೆಗಳು, ಜೊತೆಗೆ ಒಂಬತ್ತು ಅಮೆರಿಕನ್ ಕಾಮಿಕ್ಸ್ ಕೂಡ ಇವೆ. ಈ ಒಂಬತ್ತನ್ನು ಕೆ.ಜಿ.ಎಫ್.ನಲ್ಲಿ ಕೆಲಸದಲ್ಲಿದ್ದ ಸ್ನೇಹಿತರೊಬ್ಬರು ಕೊಟ್ಟರೆಂದು ಅಪ್ಪ ಹೇಳುತ್ತಿದ್ದ ನೆನಪು. ಅವುಗಳಲ್ಲಿ ಕೆಲವದರ ಮುಖಪುಟದಲ್ಲಿ ಸೆಂಟಿನ ಬದಲು 6 ಪೆನ್ಸ್ ಎಂದು ಬೆಲೆ ಮುದ್ರಿಸಿದ್ದಾರೆ. ಸಿಂಡರೆಲಾ ಮತ್ತು ಅದೇ ಬಗೆಯ ಇನ್ನೊಂದು ಪಾಶ್ಚಾತ್ಯ ಕಿನ್ನರಿಕಥೆಯ ತೆಳುವಾದ ಕನ್ನಡ ಪುಸ್ತಕಗಳೂ ಇದ್ದವು. ಅವು ಪೌರಾಣಿಕವೂ ಅಲ್ಲ, ಸಾಹಸಕಥೆಯೂ ಅಲ್ಲವಾದ್ದರಿಂದ ಪಕ್ಕದ ಮನೆಯ ಮಕ್ಕಳಿಗೆ ಕೊಡೋಣವೆಂದು ಬೇರೆ ಎತ್ತಿಟ್ಟಿದ್ದೇನೆ.

ಇವುಗಳ ಬೆಲೆಯ ಬಗ್ಗೆ ನಾನು ಕೇಳಿದ ಪ್ರತಿಯೊಬ್ಬರೂ ಒಂದೊಂದು ಮಾತು ಹೇಳಿದರು. ರದ್ದಿ ಅಂಗಡಿಯವರು ತೂಕಕ್ಕೆ ಹಾಕಿಕೊಳ್ಳುತ್ತೇವೆ ಎಂದರು. ಹಳೆಯ ಪುಸ್ತಕಗಳ ವ್ಯಾಪಾರಿಯೊಬ್ಬರು ಎಲ್ಲಕ್ಕೂ ಸೇರಿಸಿ ಐದು ಸಾವಿರ ರೂಪಾಯಿ ಎಂದರು. ಸಿನಿಮಾ ಆಗಿರುವ ನಾಯಕರ ಪುಸ್ತಕಗಳಿಗೆ ಮಾತ್ರ ಬೆಲೆ ಎಂದು ನಮ್ಮ ಅಕ್ಕನ ಮಗ ಹೇಳುತ್ತಾನೆ. ಗ್ರೇಡಿಂಗ್, ಅಂದರೆ ಪುಸ್ತಕದ ಸ್ಥಿತಿಗೆ ಅಂಕ ಹಾಕಿಸುವುದು, ಮಾಡಿಸದೆ ಯಾವುದನ್ನೂ ಮಾರಬೇಡಿ ಎಂಬುದು ಸಹೋದ್ಯೋಗಿಯೊಬ್ಬರ ಸಲಹೆ. ಹಳೆಯದಾದಷ್ಟೂ ಬೆಲೆ ಹೆಚ್ಚು ಎಂದು ನಾನು ಇದುವರೆಗೆ ನಂಬಿದ್ದೆ. ಮಾರಲೇಬೇಕೆಂಬ ಅವಸರ ನನಗಿಲ್ಲ. ಆದರೆ ಅಪ್ಪ ಇಷ್ಟು ಜತನವಾಗಿ ಇಟ್ಟದ್ದನ್ನು ತಿಳಿಯದೆ ಹಾಳು ಮಾಡಬಾರದು ಎಂಬ ಕಳಕಳಿಯಿದೆ. ಇಂಥ ಪುಸ್ತಕಗಳಿಗೆ ಬೆಲೆ ತರುವ ಅಂಶಗಳು ಯಾವುವು, ಅವು ಹೇಗೆ ಬದಲಾಗುತ್ತಿವೆ ಎಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಗಣಿಯೂರಿನವನು (ಕೆ.ಜಿ.ಎಫ್., ಕೋಲಾರ ಜಿಲ್ಲೆ)

ನಮಸ್ಕಾರ ಸರ್. ನಾನು ಇಪ್ಪತ್ತೈದು ವರ್ಷಗಳಿಂದ ಅಮೆರಿಕನ್ ಕಾಮಿಕ್ಸ್ ಸಂಗ್ರಹಿಸುತ್ತಿದ್ದೇನೆ. ಆದ್ದರಿಂದ ನಿಮ್ಮ ಒಂಬತ್ತು ಪುಸ್ತಕಗಳ ಕಡೆಯಿಂದ ಉತ್ತರ ಆರಂಭಿಸುತ್ತೇನೆ. ಕನ್ನಡದವುಗಳ ವಿಷಯದಲ್ಲಿ ನನಗಿಂತ ಬಲ್ಲವರು ಇಲ್ಲಿದ್ದಾರೆ.

ವಯಸ್ಸೊಂದೇ ಎಂದೂ ಬೆಲೆ ತಂದಿಲ್ಲ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಗೆ ಆಗ 10 ಸೆಂಟ್ ಬೆಲೆಯಿತ್ತು. ಅದರ ಒಂದು ಪ್ರತಿ 2024ರ ಏಪ್ರಿಲ್‌ನಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಅದಕ್ಕೆ ಅಷ್ಟು ಬೆಲೆ ಬಂದದ್ದು ಅದು ಉಳಿಯಲೇಬಾರದಾಗಿದ್ದ ವಸ್ತುವಾಗಿದ್ದರಿಂದ. ಓದಿ ಎಸೆಯುವ ಅಗ್ಗದ ಕಾಗದದ ಪುಸ್ತಕ ಅದು. ಮೇಲಾಗಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಶಾಲಾಮಕ್ಕಳೇ ಮನೆಮನೆಯಿಂದ ಹಳೆಯ ಕಾಗದವನ್ನು ಸಂಗ್ರಹಿಸಿ ಕೊಟ್ಟಾಗ ಇಂಥ ಪುಸ್ತಕಗಳು ರಾಶಿರಾಶಿಯಾಗಿ ಕರಗಿಹೋದವು. ನಮ್ಮಲ್ಲಿ ಹಳೆಯ ಪತ್ರಿಕೆಗಳು ಕಡಲೆಕಾಯಿ ಪೊಟ್ಟಣಗಳಾಗಿ ಮುಗಿದುಹೋದ ಹಾಗೆ.

ಈ ಮಾತನ್ನು ಸರಿಯಾಗಿ ಅರ್ಥ ಮಾಡಿಕೊಳ್ಳದೆ 1990ರ ದಶಕದ ಆರಂಭದಲ್ಲಿ ಅಲ್ಲಿನ ಜನ ದೊಡ್ಡ ಪೆಟ್ಟು ತಿಂದರು. 1991ರಲ್ಲಿ ಐದು ಬಗೆಯ ಮುಖಪುಟಗಳೊಂದಿಗೆ ಬಂದ ಎಕ್ಸ್-ಮೆನ್ ಹೊಸ ಸರಣಿಯ ಮೊದಲ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. 1992ರ ನವೆಂಬರಿನಲ್ಲಿ ಸೂಪರ್‌ಮ್ಯಾನ್ ಸಾಯುವ ಸಂಚಿಕೆಯನ್ನು ಶೋಕಸೂಚಕ ಕಪ್ಪು ತೋಳುಪಟ್ಟಿಯ ಸಮೇತ ಕಪ್ಪು ಚೀಲದಲ್ಲಿ ಹಾಕಿ ಮಾರಿದಾಗ ಜನ ಸಾಲುಗಟ್ಟಿ ನಿಂತು ಕೊಂಡರು. ಮಕ್ಕಳ ಕಾಲೇಜು ಓದಿಗೆ ಆದೀತೆಂದು ಚೀಲವನ್ನೂ ತೆರೆಯದೆ ಜೋಪಾನ ಮಾಡಿದರು. ಎಲ್ಲರೂ ಜೋಪಾನ ಮಾಡಿದ್ದರಿಂದ ಯಾವುದೂ ಕಳೆದುಹೋಗಲಿಲ್ಲ. ಯಾವುದೂ ಕಳೆದುಹೋಗದ್ದರಿಂದ ಯಾವುದಕ್ಕೂ ಬೆಲೆ ಏರಲಿಲ್ಲ. ಇದಕ್ಕೆ ಎದುರಾಗಿ, 1984ರಲ್ಲಿ ಇಬ್ಬರು ಯುವಕರು ತಾವೇ ಹಣ ಹೊಂದಿಸಿ ಸುಮಾರು 3,000 ಪ್ರತಿ ಮಾತ್ರ ಅಚ್ಚು ಹಾಕಿಸಿದ, ಆಮೆಗಳು ನಾಯಕರಾಗಿರುವ ಟೀನೇಜ್ ಮ್ಯುಟಂಟ್ ನಿಂಜಾ ಟರ್ಟಲ್ಸ್‌ನ ಮೊದಲ ಸಂಚಿಕೆ ಇಂದು ಸಾಮಾನ್ಯರ ಕೈಗೆಟುಕುವುದಿಲ್ಲ.

2000ದಲ್ಲಿ ಸಿ.ಜಿ.ಸಿ. ಎಂಬ ಸಂಸ್ಥೆ ಬಂದ ಮೇಲೆ ಮಾರುಕಟ್ಟೆಯ ಭಾಷೆಯೇ ಬದಲಾಯಿತು. ಅವರು ಪುಸ್ತಕವನ್ನು ಪರೀಕ್ಷಿಸಿ 0.5ರಿಂದ 10ರವರೆಗೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತಾರೆ. ಅದುವರೆಗೆ ಮಾರುವವರು ಚೆನ್ನಾಗಿದೆ ಎಂದದ್ದನ್ನು ಕೊಳ್ಳುವವರು ನಂಬಬೇಕಾಗಿತ್ತು. ಆ ನಂಬಿಕೆಯ ಜಾಗದಲ್ಲಿ ಅಂಕ ಬಂದು ಕುಳಿತಿತು. ಅದರಿಂದ ದೂರದೂರಿನ ಅಪರಿಚಿತರ ನಡುವೆ ವ್ಯಾಪಾರ ಸಾಧ್ಯವಾಯಿತು ಎಂಬುದು ನಿಜವೇ. ಆದರೆ ಬರಿಗಣ್ಣಿಗೆ ಗುರುತಿಸಲಾಗದ 9.6 ಮತ್ತು 9.8ರ ನಡುವಿನ ವ್ಯತ್ಯಾಸಕ್ಕೆ ಬೆಲೆ ದುಪ್ಪಟ್ಟಾಗುವುದನ್ನು ನಾನು ಇಂದಿಗೂ ಒಪ್ಪಲಾರೆ.

ನಿಮ್ಮ ಅಕ್ಕನ ಮಗ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಈಗ ಹೆಚ್ಚು ಬೇಡಿಕೆಯಿರುವುದು ಪಾತ್ರವೊಂದು ಮೊದಲ ಬಾರಿಗೆ ಪ್ರವೇಶಿಸುವ ಸಂಚಿಕೆಗೆ. ವುಲ್ವರಿನ್ ಎಂಬ ನಾಯಕ ಪೂರ್ಣ ಪ್ರಮಾಣದಲ್ಲಿ ಬರುವುದು ಮಾರ್ವೆಲ್ ಪ್ರಕಾಶನದ ಹಲ್ಕ್ ಸರಣಿಯ 1974ರ 181ನೆಯ ಸಂಚಿಕೆಯಲ್ಲಿ. ಹಿಂದಿನ 180ರ ಕೊನೆಯ ಪುಟದಲ್ಲಿ ಅವನು ಸುಳಿದುಹೋಗುತ್ತಾನಾದರೂ ಬೆಲೆ ಕಟ್ಟುವವರು 181ನ್ನೇ ಹಿಡಿದಿದ್ದಾರೆ. ಆ ಸಂಚಿಕೆಯ ಓದುಗರ ಪತ್ರಗಳ ಪುಟದಲ್ಲಿ ಕತ್ತರಿಸಿ ಅಂಟಿಸಿಕೊಳ್ಳುವ ಒಂದು ಚಿಕ್ಕ ಚಿತ್ರಮುದ್ರೆಯಿತ್ತು. ಅಂದಿನ ಮಕ್ಕಳು ಪ್ರಕಾಶಕರು ಹೇಳಿದಂತೆಯೇ ಅದನ್ನು ಕತ್ತರಿಸಿಕೊಂಡರು. ಕಾಗದದ ಆ ಒಂದು ಚೂರು ಇಲ್ಲದ ಪ್ರತಿಯ ಬೆಲೆ ಇಂದು ಬಹಳ ಕೆಳಗಿಳಿಯುತ್ತದೆ. ನಿಮ್ಮ ಒಂಬತ್ತರಲ್ಲಿ 1974–75ರ ಮಾರ್ವೆಲ್ ಪುಸ್ತಕಗಳಿದ್ದರೆ ಪತ್ರಗಳ ಪುಟವನ್ನು ಮೊದಲು ನೋಡಿ.

ಸಿನಿಮಾದ ಪ್ರಭಾವ ಮಾತ್ರ ಜಾತ್ರೆಯಂಗಡಿಯ ವ್ಯಾಪಾರದಂಥದ್ದು. ಚಿತ್ರ ಘೋಷಣೆಯಾದಾಗ ಬೆಲೆ ಏರುತ್ತದೆ, ಬಿಡುಗಡೆಯ ಹೊತ್ತಿಗೆ ಮಾರುವವರು ಮಾರಿ ಮುಗಿಸಿರುತ್ತಾರೆ, ಆಮೇಲೆ ಕೊಂಡವರ ಕೈಯಲ್ಲಿ ಪುಸ್ತಕ ಉಳಿಯುತ್ತದೆ. ಕೋವಿಡ್ ಕಾಲದಲ್ಲಿ, 2020–21ರಲ್ಲಿ, ಮನೆಯಲ್ಲಿ ಕುಳಿತವರ ಬೇಡಿಕೆಯಿಂದ ಎಲ್ಲದರ ಬೆಲೆಯೂ ಏರಿತು. ಸ್ಪೈಡರ್‌ಮ್ಯಾನ್ ಮೊದಲು ಬಂದ 1962ರ ಅಮೇಜಿಂಗ್ ಫ್ಯಾಂಟಸಿ 15ರ ಒಂದು ಉತ್ಕೃಷ್ಟ ಪ್ರತಿ 2021ರ ಸೆಪ್ಟೆಂಬರಿನಲ್ಲಿ 36 ಲಕ್ಷ ಡಾಲರಿಗೆ ಹೋಯಿತು. 2022ರಿಂದ ಇಳಿತ ಶುರುವಾದಾಗ ಮೊದಲು ಬಿದ್ದದ್ದು ಸಿನಿಮಾ ಸುದ್ದಿಯನ್ನು ನಂಬಿ ಏರಿದ್ದ ಪುಸ್ತಕಗಳೇ.

ಇನ್ನು ನಿಮ್ಮ 6 ಪೆನ್ಸ್ ಪ್ರತಿಗಳು. ಇವು ನಕಲಿಯಲ್ಲ, ಮರುಮುದ್ರಣವೂ ಅಲ್ಲ. ಅಮೆರಿಕದ ಅದೇ ಅಚ್ಚುಯಂತ್ರದಲ್ಲಿ, ಅದೇ ಕಾಲದಲ್ಲಿ, ಮುಖಪುಟದ ಬೆಲೆಯನ್ನಷ್ಟೇ ಬದಲಿಸಿ ಬ್ರಿಟನ್ನಿಗೆಂದು ಮುದ್ರಿಸಿದವು. ಇವನ್ನು ಬಹುಕಾಲ ಸಂಗ್ರಾಹಕರು ಕೀಳಾಗಿ ಕಂಡು ಕಡಿಮೆ ಬೆಲೆಗೆ ಕೇಳುತ್ತಿದ್ದರು. ಸೆಂಟ್ ಪ್ರತಿಗಳಿಗಿಂತ ಇವು ಬಹಳ ಕಡಿಮೆ ಸಂಖ್ಯೆಯಲ್ಲಿವೆ ಎಂಬ ಅರಿವು ಮೂಡಿದ ಮೇಲೆ ಇವನ್ನೇ ಹುಡುಕುವವರು ಹುಟ್ಟಿಕೊಂಡಿದ್ದಾರೆ. ಪತ್ರಿಕೆ ಅಂಗಡಿಗೆ ಹೋದ ಪ್ರತಿ ಯಾವುದು, ಕಾಮಿಕ್ಸ್ ಅಂಗಡಿಗೇ ನೇರವಾಗಿ ಹೋದ ಪ್ರತಿ ಯಾವುದು ಎಂದು ಬಾರ್‌ಕೋಡ್ ನೋಡಿ ಬೇರ್ಪಡಿಸುವ ಸೂಕ್ಷ್ಮವೂ ಈಚಿನದೇ. ಒಟ್ಟಿನಲ್ಲಿ ಎಲ್ಲರ ಬಳಿಯಿರುವ ಪ್ರಸಿದ್ಧ ಪುಸ್ತಕದಿಂದ, ಅದೇ ಪುಸ್ತಕದ ಅಪರೂಪದ ರೂಪದ ಕಡೆಗೆ ಆಸಕ್ತಿ ತಿರುಗಿದೆ. ನಮ್ಮೂರಿನ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿದಾಗ ಎಷ್ಟೋ ಕುಟುಂಬಗಳು ಊರು ಬಿಟ್ಟವು. ಆಗ ಮನೆ ಖಾಲಿ ಮಾಡಿದವರು ರಾಬರ್ಟ್‌ಸನ್‌ಪೇಟೆಯ ರದ್ದಿ ಅಂಗಡಿಗಳಿಗೆ ತೂಕಕ್ಕೆ ಹಾಕಿದ್ದ ರಾಶಿಯಲ್ಲಿ ಇಂಥ ಪೆನ್ಸ್ ಪ್ರತಿಗಳನ್ನು ನಾನೇ ಕಣ್ಣಾರೆ ಕಂಡು, ಇವು ಅಮೆರಿಕದ್ದಲ್ಲವೆಂದು ಬಿಟ್ಟು ಬಂದಿದ್ದೆ. ಆ ನೋವು ಇಂದಿಗೂ ಹೋಗಿಲ್ಲ.

ಉತ್ತರ 2: ತಿಪಟೂರಿನ ನಿವೃತ್ತ ಗ್ರಂಥಪಾಲಕಿ

ಓದುಗರೇ, ಎಲ್ಲಕ್ಕಿಂತ ಮೊದಲು ಆ ಸಿಂಡರೆಲಾ ಪುಸ್ತಕವನ್ನು ಪಕ್ಕದ ಮನೆಗೆ ಕೊಡದೆ ಒಳಗೆ ತೆಗೆದಿಡಿ. ಕೊಟ್ಟಿದ್ದರೆ ಮಕ್ಕಳಿಗೆ ಬೇರೆ ಪುಸ್ತಕ ಕೊಂಡು ಕೊಟ್ಟು ಇದನ್ನು ಹಿಂದಕ್ಕೆ ಕೇಳಿ ತನ್ನಿ.

ಕಾರಣ ಹೇಳುತ್ತೇನೆ. ಅಮರ ಚಿತ್ರಕಥೆ ಎಂದರೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಹೆಸರು, 1967ರ ಇಸವಿ ಮತ್ತು ಪುರಾಣದ ಕಥೆಗಳು ನಮಗೆ ನೆನಪಾಗುತ್ತವೆ. ಆದರೆ ಇಂಗ್ಲಿಷ್ ಸರಣಿಯಲ್ಲಿ ಕೃಷ್ಣನ ಕಥೆಗೆ ಮೊದಲು ಇದ್ದ ಸಂಖ್ಯೆ 11. ಅದಕ್ಕಿಂತ ಹಿಂದಿನ ಹತ್ತು ಸಂಖ್ಯೆಗಳು ಸಿಂಡರೆಲಾ, ಸ್ನೋ ವೈಟ್, ಪಿನೋಕಿಯೊ, ಅಲ್ಲಾದ್ದೀನ ಮೊದಲಾದ ಹೊರನಾಡಿನ ಕಥೆಗಳವು. ಆ ಸರಣಿ ಆರಂಭವಾದದ್ದೇ 1965ರಲ್ಲಿ, ಬೆಂಗಳೂರಿನಲ್ಲಿ, ಕನ್ನಡದಲ್ಲಿ ಎಂದು ಆಗ ಅದರ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಹೇಳಿದ್ದಾರೆ. ಕೋಟಿಗಟ್ಟಲೆ ಪ್ರತಿಗಳು ಮಾರಾಟವಾದ ಒಂದು ಸರಣಿಯ ಬೇರು ನಮ್ಮ ಭಾಷೆಯಲ್ಲಿದೆ ಎಂಬುದು ಕನ್ನಡಿಗರಲ್ಲೇ ಹೆಚ್ಚಿನವರಿಗೆ ತಿಳಿಯದು. ಪುರಾಣ ಬೇಕೆಂದು ಕೊಂಡವರು ಪುರಾಣವನ್ನು ಉಳಿಸಿಕೊಂಡರು. ಈ ಕಿನ್ನರಿಕಥೆಗಳು ಮಕ್ಕಳ ಕೈಯಲ್ಲಿ ಹರಿದುಹೋದವು. ನಿಮ್ಮಲ್ಲಿರುವುದು ಆ ಮೊದಲ ಹತ್ತರ ಕನ್ನಡ ಪ್ರತಿಯೇ ಆಗಿದ್ದರೆ, ಟ್ರಂಕಿನಲ್ಲಿ ಉಳಿದುದೆಲ್ಲ ಒಂದು ತೂಕ, ಅದೊಂದು ಇನ್ನೊಂದು ತೂಕ.

ಅದನ್ನು ಗುರುತಿಸಲು ಪ್ರಕಾಶಕರ ಹೆಸರನ್ನೂ ವಿಳಾಸವನ್ನೂ ನೋಡಿ. ವಿಳಾಸದಲ್ಲಿ ಆರು ಅಂಕಿಗಳ ಪಿನ್ ಕೋಡ್ ಇದ್ದರೆ ಆ ಪ್ರತಿ 1972ರ ಆಗಸ್ಟ್ 15ಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ, ಏಕೆಂದರೆ ಪಿನ್ ಪದ್ಧತಿ ಬಂದದ್ದೇ ಅಂದು. ಬೊಂಬಾಯಿ ಎಂಬ ಹೆಸರಿನ ಮುಂದೆ ಒಂದೋ ಎರಡೋ ಅಂಕಿ ಮಾತ್ರ ಇದ್ದರೆ ಹಳೆಯ ಮುದ್ರಣವಾಗಿರುವ ಸಂಭವ ಹೆಚ್ಚು. ಇಂಗ್ಲಿಷ್ ಅಕ್ಷರಗಳಲ್ಲಿ ಮುಂಬೈ ಎಂದಿದ್ದರೆ 1995ರ ನಂತರದ್ದಾಗಿರುವ ಸಂಭವ ಹೆಚ್ಚು. ಈಗಿನ ಅಮರ ಚಿತ್ರಕಥೆಗಳ ಕ್ರಮಸಂಖ್ಯೆ 501ರಿಂದ ಶುರುವಾಗುತ್ತದೆ. ಅಂಥವು ಅಂಗಡಿಯಲ್ಲಿ ಇಂದಿಗೂ ದೊರೆಯುವುದರಿಂದ ಅವನ್ನು ಓದಲು ಇಟ್ಟುಕೊಳ್ಳಿ.

ಇಂದ್ರಜಾಲದ ಮಾತಿಗೆ ಬರೋಣ. 1964ರಿಂದ 1990ರವರೆಗೆ ಬಂದ ಆ ಸರಣಿಯ ಮೊದಲ 32 ಸಂಚಿಕೆಗಳೆಲ್ಲ ಫ್ಯಾಂಟಮ್‌ನವು. ಹಿಂದೆ ಜನ ಕೇಳುತ್ತಿದ್ದುದು ಕಥೆಯನ್ನು, ಅದೂ ಇಂಗ್ಲಿಷಿನಲ್ಲಿ. ಕಥೆಗಳೆಲ್ಲ ಈಗ ಮರುಮುದ್ರಣವಾಗಿ, ಪರದೆಯ ಮೇಲೂ ಓದಲು ಸಿಗುವುದರಿಂದ ಕಥೆಗೆಂದು ಹಣ ಕೊಡುವವರು ಕಡಿಮೆಯಾಗಿದ್ದಾರೆ. ಮರುಮುದ್ರಣದಲ್ಲಿ ಸಿಗದ್ದನ್ನು ಹುಡುಕುವವರು ಹೆಚ್ಚಾಗಿದ್ದಾರೆ. ಬಿ. ಗೋವಿಂದ್ ಅವರು ಕುಂಚದಿಂದ ಬರೆದ ಮುಖಪುಟಗಳು, ಹಿಂಬದಿಯ ಜಾಹೀರಾತು, ನಡುವಿನ ಸಾಮಾನ್ಯಜ್ಞಾನದ ಪುಟ, ಎಲ್ಲಕ್ಕಿಂತ ಮಿಗಿಲಾಗಿ ಅಂದಿನ ಕನ್ನಡ ಅನುವಾದ ಆ ಬಗೆಯವು. ಅನುವಾದಕರ ಹೆಸರಿಲ್ಲದ ಆ ಮಾತುಗಳ ಚೆಲುವನ್ನು ಬೇರೆ ಯಾವ ಪ್ರತಿಯೂ ಕೊಡಲಾರದು. ಇಂಗ್ಲಿಷ್, ಹಿಂದಿ ಪ್ರತಿಗಳನ್ನು ಸಂಖ್ಯೆಯ ಸಮೇತ ಪಟ್ಟಿ ಮಾಡಿದವರು ಹಲವರಿದ್ದಾರೆ. ಕನ್ನಡದ್ದರ ಬಗ್ಗೆ ಅಷ್ಟು ಶ್ರದ್ಧೆ ನನ್ನ ಕಣ್ಣಿಗೆ ಬಿದ್ದಿಲ್ಲ. ಹೀಗಾಗಿ ನಿಮ್ಮ ಅರವತ್ತು ಪುಸ್ತಕಗಳ ಕ್ರಮಸಂಖ್ಯೆ, ಹೆಸರು, ದಿನಾಂಕಗಳನ್ನು ನೀವು ಒಂದು ಹಾಳೆಯಲ್ಲಿ ಬರೆದರೆ ಅದೇ ಒಂದು ಉಪಕಾರ.

ಚಂದಮಾಮ ಕಾಮಿಕ್ಸ್ ಅಲ್ಲದಿದ್ದರೂ ಅದರಲ್ಲಿಯೂ ಇದೇ ಬದಲಾವಣೆ ಕಂಡಿದ್ದೇನೆ. 1949ರಲ್ಲಿ ಶುರುವಾದ ಕನ್ನಡ ಚಂದಮಾಮವನ್ನು ಮೊದಲು ಬೇತಾಳ ಕಥೆಗಳಿಗಾಗಿ ಕೊಳ್ಳುತ್ತಿದ್ದರು. ಈಗ ಎಂ.ಟಿ.ವಿ. ಆಚಾರ್ಯ, ವಪಾ, ಶಂಕರ್ ಅವರ ಚಿತ್ರಗಳನ್ನು ಹೆಸರು ಹಿಡಿದು ಕೇಳುತ್ತಾರೆ. ಅಮರ ಚಿತ್ರಕಥೆಯಲ್ಲಿಯೂ ರಾಮ್ ವಾಯೀರ್ಕರ್, ಪ್ರತಾಪ್ ಮುಳಿಕ್ ಅವರು ಬರೆದ ಚಿತ್ರ ಯಾವುದೆಂದು ನೋಡಿ ಆರಿಸುವವರಿದ್ದಾರೆ. ದಶಕಗಳ ಕಾಲ ಹಿನ್ನೆಲೆಯಲ್ಲೇ ಉಳಿದಿದ್ದ ಕಲಾವಿದರಿಗೆ ತಡವಾಗಿಯಾದರೂ ಸಂದ ಗೌರವವಿದು ಎಂದು ನಾನು ಸಂತೋಷಪಡುತ್ತೇನೆ.

ಬೈಂಡ್ ಮಾಡಿದ ಸಂಪುಟಗಳನ್ನು ಬಿಚ್ಚಿಸಬೇಡಿ. ಬೈಂಡಿಂಗಿನಲ್ಲಿ ಅಂಚನ್ನು ಯಂತ್ರಕ್ಕೆ ಕೊಟ್ಟು ಸಮ ಮಾಡಿರುತ್ತಾರೆ, ಬೆನ್ನಿನಲ್ಲಿ ಹೊಲಿಗೆಯ ತೂತುಗಳಿರುತ್ತವೆ. ಬಿಚ್ಚಿದ ಮಾತ್ರಕ್ಕೆ ಅವು ಬಿಡಿ ಪ್ರತಿಗಳಾಗುವುದಿಲ್ಲ. ಬಿಡಿ ಪ್ರತಿಗೆ ಹೋಲಿಸಿದರೆ ಬೆಲೆ ಕಡಿಮೆಯೇ. ಆದರೆ ಮುಖಪುಟಗಳ ಸಮೇತ ಹೊಲಿದಿದ್ದರೆ, ಒಂದು ಅವಧಿಯ ಸಂಚಿಕೆಗಳು ಕ್ರಮವಾಗಿ ಒಂದೆಡೆ ಉಳಿದಿವೆ ಎಂಬುದೇ ಅವುಗಳ ಹಿರಿಮೆ. ಹರಿದ ಪುಟಕ್ಕೆ ಸೆಲೋಟೇಪು ಹಚ್ಚಬೇಡಿ, ಮುಖಪುಟಕ್ಕೆ ಲ್ಯಾಮಿನೇಶನ್ ಮಾಡಿಸಲೇಬೇಡಿ. ನಮ್ಮ ಗ್ರಂಥಾಲಯದಲ್ಲಿ ಒಳ್ಳೆಯ ಉದ್ದೇಶದಿಂದ ಮಾಡಿದ ಈ ಎರಡು ಕೆಲಸಗಳಿಂದ ಹಾಳಾದಷ್ಟು ಪುಸ್ತಕಗಳು ಗೆದ್ದಲಿನಿಂದಲೂ ಹಾಳಾಗಿಲ್ಲ.

ಉತ್ತರ 3: ಶಿಡ್ಲಘಟ್ಟದಿಂದ (ಚಿಕ್ಕಬಳ್ಳಾಪುರ ಜಿಲ್ಲೆ)

ಮೇಡಂ ಅವರ ಮಾತುಗಳನ್ನು ಗೌರವದಿಂದ ಒಪ್ಪುತ್ತಲೇ ಒಂದು ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ಅಪರೂಪವಾದ ಮಾತ್ರಕ್ಕೆ ಬೆಲೆ ಏರುತ್ತಲೇ ಹೋಗುತ್ತದೆ ಎಂದು ಇವರು ಕಾಯುತ್ತ ಕೂರುವುದು ಬೇಡ. ಕೊಳ್ಳುವವರು ಬಾಲ್ಯದಲ್ಲಿ ತಮಗೆ ಸಿಗದಿದ್ದುದನ್ನೋ ಸಿಕ್ಕಿ ಕಳೆದುಹೋದದ್ದನ್ನೋ ಕೊಳ್ಳುತ್ತಾರೆ. ಹತ್ತು ವರ್ಷದ ಹುಡುಗನಾಗಿದ್ದಾಗ ಬಸ್ ನಿಲ್ದಾಣದ ಅಂಗಡಿಯಲ್ಲಿ ನೇತುಹಾಕಿದ್ದ ಇಂದ್ರಜಾಲವನ್ನು ಆಸೆಯಿಂದ ನೋಡಿದವರಿಗೆ ಈಗ ಅರವತ್ತರ ಆಸುಪಾಸು. ಅವರ ಕೈಯಲ್ಲಿ ಈಗ ಹಣವೂ ಬಿಡುವೂ ಇದೆ, ಆದ್ದರಿಂದ ಬೇಡಿಕೆಯಿದೆ. ಇನ್ನು ಇಪ್ಪತ್ತು ವರ್ಷಗಳ ನಂತರ ಬಾಲಮಂಗಳದ ಡಿಂಗನನ್ನು ಓದಿ ಬೆಳೆದವರು ಆ ವಯಸ್ಸಿಗೆ ಬಂದಿರುತ್ತಾರೆ. ಅವರು ಹುಡುಕುವುದು ಡಿಂಗನನ್ನೇ ಹೊರತು ಫ್ಯಾಂಟಮ್‌ನನ್ನಲ್ಲ. ಅಮೆರಿಕದಲ್ಲಿ 1940–50ರ ದಶಕಗಳ ಕೌಬಾಯ್ ಕಾಮಿಕ್ಸ್‌ಗೆ ಇದೇ ಆಯಿತು. ಅವನ್ನು ಓದಿ ಬೆಳೆದವರ ಸಂಖ್ಯೆ ಕಡಿಮೆಯಾದಂತೆ ಪುಸ್ತಕಗಳು ಎಷ್ಟೇ ಹಳೆಯವಾದರೂ ಕೇಳುವವರು ಕಡಿಮೆಯಾದರು. ನಾನು ಬಾಲಮಂಗಳ ಸಂಗ್ರಹಿಸಲು ಹೊರಟಾಗ ಕಂಡದ್ದೇನೆಂದರೆ, ಯಾರೂ ಇನ್ನೂ ಅದನ್ನು ಸಂಗ್ರಹಯೋಗ್ಯವೆಂದು ಭಾವಿಸದ್ದರಿಂದ ಅದು ಈಗಲೇ ರದ್ದಿಗೆ ಹೋಗಿ ಮುಗಿಯುತ್ತಿದೆ.

ಗ್ರೇಡಿಂಗ್ ಕುರಿತು ಒಂದೇ ಮಾತು. ವಿದೇಶಕ್ಕೆ ಕಳಿಸುವ, ತರಿಸುವ, ವಿಮೆಯ ಖರ್ಚುಗಳನ್ನು ಲೆಕ್ಕ ಹಾಕಿದರೆ ಕನ್ನಡದ ಪುಸ್ತಕಗಳಿಗೆ ಅದು ಸಲ್ಲದು. ಕವಚದೊಳಗೆ ಸೇರಿದ ಪುಸ್ತಕವನ್ನು ಅದನ್ನು ಒಡೆಯದೆ ಓದಲು ಬರುವುದೂ ಇಲ್ಲ.

ಉತ್ತರ 4: ಗಣಿಯೂರಿನವನು

ಶಿಡ್ಲಘಟ್ಟದವರು ಹೇಳಿದ ಪೀಳಿಗೆಯ ಮಾತನ್ನು ನಾನು ಬಿಟ್ಟಿದ್ದೆ, ಅದು ಸರಿಯಾಗಿದೆ. ಆದರೆ ಕೌಬಾಯ್ ಪುಸ್ತಕಗಳಿಗೂ ಆ ಸಿಂಡರೆಲಾಗೂ ವ್ಯತ್ಯಾಸವಿದೆ. ಕೌಬಾಯ್ ಪುಸ್ತಕಗಳನ್ನು ಹಿಡಿದಿಟ್ಟಿದ್ದು ನೆನಪು ಮಾತ್ರ. ಒಂದು ಪ್ರಸಿದ್ಧ ಸರಣಿಯ ಹುಟ್ಟಿಗೆ ಸಾಕ್ಷಿಯಾದ ಪುಸ್ತಕವನ್ನು ಓದುಗರ ನೆನಪು ಮಾಸಿದ ಮೇಲೂ ಗ್ರಂಥಾಲಯಗಳು, ಸಂಶೋಧಕರು ಕೇಳುತ್ತಾರೆ. ಅಮೆರಿಕನ್ ಒಂಬತ್ತರಲ್ಲಿಯೂ ಗ್ರೇಡಿಂಗಿಗೆ ಯೋಗ್ಯವಾದದ್ದು ಒಂದಿದ್ದರೆ ಹೆಚ್ಚು. ಸಂಚಿಕೆಗಳ ಹೆಸರು, ಸಂಖ್ಯೆ ಬರೆದು ತಿಳಿಸಿ, ನೋಡಿ ಹೇಳುತ್ತೇನೆ.

ಪ್ರಶ್ನೆ ಕೇಳಿದವರಿಂದ: ಕ್ಯಾತ್ಸಂದ್ರದ ಓದುಗ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೇಡಂ ಅವರ ಉತ್ತರ ಓದಿದ ಕೂಡಲೇ ಆ ಎರಡು ಪುಸ್ತಕಗಳನ್ನು ಒಳಗೆ ತಂದಿಟ್ಟೆ; ಪುಣ್ಯಕ್ಕೆ ಇನ್ನೂ ಕೊಟ್ಟಿರಲಿಲ್ಲ. ಸಿಂಡರೆಲಾದ ಮುಖಪುಟ ಸಡಿಲವಾಗಿದೆ, ಪಿನ್ನುಗಳು ತುಕ್ಕು ಹಿಡಿದಿವೆ. ಒಳಬದಿಯಲ್ಲಿ ಪ್ರಕಾಶಕರ ಹೆಸರು ಇಂಡಿಯಾ ಬುಕ್ ಹೌಸ್ ಎಂದಿದೆ, ವಿಳಾಸದಲ್ಲಿ ಪಿನ್ ಕೋಡ್ ಇಲ್ಲ. ಇಸವಿ ಇರಬೇಕಾದ ಮೂಲೆ ಹರಿದಿದೆ. ಎರಡನೆಯ ಪುಸ್ತಕಕ್ಕೆ ಮುಖಪುಟವೇ ಇಲ್ಲ. ಸಿಂಡರೆಲಾದ ಮೊದಲ ಪುಟದಲ್ಲಿ ಅಪ್ಪ ತಮ್ಮ ಹೆಸರನ್ನೂ "ನಾಲ್ಕನೇ ತರಗತಿ" ಎಂಬುದನ್ನೂ ಶಾಯಿಯಲ್ಲಿ ಬರೆದಿದ್ದಾರೆ. ಬರಹವಿರುವುದರಿಂದ ಬೆಲೆ ಕುಂದುತ್ತದೆಯೇ? ಪಿನ್ನುಗಳನ್ನು ತೆಗೆಯಬೇಕೇ?

ಉತ್ತರ 5: ತಿಪಟೂರಿನ ನಿವೃತ್ತ ಗ್ರಂಥಪಾಲಕಿ

ಪಿನ್ನುಗಳನ್ನು ನೀವಾಗಿ ತೆಗೆಯಬೇಡಿ. ತುಕ್ಕಿನ ಸುತ್ತ ಕಾಗದ ಬಿರುಸಾಗಿರುತ್ತದೆ, ಎಳೆದರೆ ಮುಖಪುಟ ಕಿತ್ತುಬರುತ್ತದೆ. ಸಂರಕ್ಷಣೆಯ ಕೆಲಸ ಬಲ್ಲವರೇ ಅದನ್ನು ಮಾಡಲಿ. ಅಲ್ಲಿಯವರೆಗೆ ಪುಸ್ತಕಗಳನ್ನು ಪಿ.ವಿ.ಸಿ. ಅಲ್ಲದ, ಪಾಲಿಪ್ರೊಪಿಲೀನ್ ಚೀಲದಲ್ಲಿ, ಹಿಂದೆ ಆಮ್ಲರಹಿತ ರಟ್ಟು ಕೊಟ್ಟು, ಮಲಗಿಸಿ ಇಡಿ. ಕಬ್ಬಿಣದ ಟ್ರಂಕು ಬೇಸಗೆಯಲ್ಲಿ ಕಾದು ಕಾಗದವನ್ನು ಒಣಗಿಸುವುದರಿಂದ ಅಟ್ಟಕ್ಕೆ ಹಿಂದಿರುಗಿಸದೆ ಒಳಗಿನ ಕೋಣೆಯ ಕಪಾಟಿನಲ್ಲಿಡಿ. ಡಾಂಬರು ಗುಳಿಗೆಗಳನ್ನು ಪುಸ್ತಕಕ್ಕೆ ತಾಗಿಸಬೇಡಿ.

ಶಾಯಿಯ ಬರಹ ಅಂಕ ಕೊಡುವವರ ಲೆಕ್ಕದಲ್ಲಿ ಕುಂದೇ ಸರಿ. ಆದರೆ ಇಸವಿ ಹರಿದುಹೋಗಿರುವ ನಿಮ್ಮ ಪ್ರತಿಗೆ ಆ ಬರಹವೇ ಆಧಾರವಾಗಬಹುದು. ನಿಮ್ಮ ತಂದೆಯವರು ನಾಲ್ಕನೆಯ ತರಗತಿಯಲ್ಲಿದ್ದ ವರ್ಷ ಯಾವುದೆಂದು ಅವರ ಶಾಲೆಯ ವರ್ಗಾವಣೆ ಪತ್ರದಿಂದ ತಿಳಿಯಬಹುದು. ಅದು 1965–66ರ ಆಸುಪಾಸಿನದಾಗಿದ್ದರೆ ದಯವಿಟ್ಟು ಇಲ್ಲಿಯೇ ಬರೆಯಿರಿ. ನಾನೇ ತುಮಕೂರಿಗೆ ಬಂದು ಆ ಪುಸ್ತಕವನ್ನು ನೋಡುತ್ತೇನೆ.